ಅಕ್ಕನಿಗೆ ಮಲಗುವ ಸೀಟು

ಫೆಬ್ರವರಿ 3, ಸೋಮವಾರ

ಬೆಳಿಗ್ಗೆಯಿಂದ ಜಿಪ್ಪು, ಜಿಪ್ಪು, ಜಿಪ್ಪು. ಜನ ಪೆಟ್ಟಿಗೆಗೆ ಹಿಡಿಸುವುದಕ್ಕಿಂತ ಹೆಚ್ಚು ತುರುಕುತ್ತಾರೆ, ಮೇಲೆ ಕೂತು ಎಳೆಯುತ್ತಾರೆ, ಹಲ್ಲು ಕಿತ್ತ ಮೇಲೆ ನನ್ನ ಹತ್ತಿರ ಬಂದು ಕಂಪನಿಯವನನ್ನು ಬೈಯುತ್ತಾರೆ. ಬೈಯಲಿ. ಈ ರಸ್ತೆಯಲ್ಲಿ ಸೂಟ್‌ಕೇಸ್ ರಿಪೇರಿಗೆ ನನ್ನನ್ನು ಬಿಟ್ಟರೆ ಇಲ್ಲ. ನಿಜವಾಗಿಯೂ ಇಲ್ಲ — ಇರುವುದೇ ಒಂದು ಅಂಗಡಿ.

ಟೈ ಬಂದಿದ್ದ. ಅವನಿಗೆ ಹೆಸರು ಬೇರೆ ಇದೆ, ನಾನು ಬಿಲ್ಲಿನ ಮೇಲೂ ಟೈ ಎಂದೇ ಬರೆಯುವುದು. ಎಂಥ ಸೆಕೆಯಲ್ಲೂ ಕುತ್ತಿಗೆಗೆ ಕಟ್ಟಿಕೊಂಡೇ ಇರುತ್ತಾನೆ. ಯಂತ್ರ ಮಾರುವ ಕಂಪನಿಯಲ್ಲಿ ಕೆಲಸ, ವಾರಕ್ಕೊಂದು ವಿಮಾನ. ಪೆಟ್ಟಿಗೆಯ ಎಡಗಡೆ ಚಕ್ರ ಮತ್ತೆ ಹೋಗಿದೆ.

"ಏನ್ರೀ, ಮೊನ್ನೆ ಮೊನ್ನೆ ತಾನೇ ಹಾಕಿಸಿದ್ದು?"

"ನೀವು ಓಡಾಡೋ ಸ್ಪೀಡಿಗೆ ಚಕ್ರ ಸಾಲಲ್ಲ ಸಾರ್. ಎಂಜಿನ್ನೇ ಕೂರಿಸ್ಬೇಕು."

ನಕ್ಕ. ನಗಲಿ. ಅವನಿಗೆ ಹಾಕುವುದು ಹಳೆಯ ಪೆಟ್ಟಿಗೆಯಿಂದ ಕಿತ್ತ ಚಕ್ರ — ಉಜ್ಜಿ, ಎಣ್ಣೆ ಹಚ್ಚಿ, ಹೊಸದರಂತೆ ಹೊಳೆಯಿಸಿದ್ದು. ಸ್ವಲ್ಪ ದಿನ ನೆಟ್ಟಗೆ ಓಡುತ್ತದೆ, ಆಮೇಲೆ ಎಡಕ್ಕೆ ಎಳೆಯುತ್ತದೆ, ಆಮೇಲೆ ಮಾಲೀಕನನ್ನು ನನ್ನ ಅಂಗಡಿಗೆ ಎಳೆಯುತ್ತದೆ. ಚೌಕಾಸಿ ಮಾಡುವವರಿಗೆಲ್ಲ ನನ್ನಲ್ಲಿ ಅದೇ ಚಕ್ರ.

ಮಧ್ಯಾಹ್ನ ಊಟಕ್ಕೆ ಅಕ್ಕನ ಮನೆ. ಎಂದಿನಂತೆ ಭಾವ ಎದುರಿಗೆ ಕೂತು ನಾನು ಎಷ್ಟು ಬಡಿಸಿಕೊಳ್ಳುತ್ತೇನೆ ಎಂದು ನೋಡುತ್ತಿದ್ದ. ನೀರಿನ ಮೀಟರ್ ಓದಿ ಓದಿ ರಿಟೈರ್ ಆದವನು. ಈಗ ನನ್ನನ್ನು ಓದುತ್ತಾನೆ.

ಬೆಳಿಗ್ಗೆ ತಂಗಿಯ ಫೋನ್ ಬಂದಿತ್ತಂತೆ. ಆಪರೇಷನ್ ಡೇಟ್ ಗೊತ್ತಾಗಿದೆ. ಮಾರ್ಚ್ ಹನ್ನೊಂದು. ಎದೆಯ ವಾಲ್ವ್ ಬದಲಾಯಿಸುತ್ತಾರಂತೆ. ಸಮುದ್ರದಾಚೆ ಒಂದು ಶಾಲೆಯ ಆಫೀಸಿನಲ್ಲಿ ಕೆಲಸ ಅವಳಿಗೆ. ಗಂಡ ಇಲ್ಲ, ಮಕ್ಕಳಿಲ್ಲ. ಅವಳಿಗೆ ಅವಳೇ. ಅಮ್ಮ ಹೋದಾಗ ಇನ್ನೂ ತೊದಲುತ್ತಿದ್ದ ಕೂಸು, ಅಕ್ಕನೇ ಎತ್ತಿ ಬೆಳೆಸಿದ್ದು. "ಅಕ್ಕಾ, ನಿನ್ನ ಮುಖ ನೋಡಿಕೊಂಡು ಒಳಗೆ ಹೋಗ್ತೀನಿ. ಆಮೇಲೆ ಏನಾದ್ರೂ ಆಗ್ಲಿ" ಎಂದಳಂತೆ. ಅಕ್ಕ ಸೆರಗಿನಲ್ಲಿ ಫೋನ್ ಒರೆಸುತ್ತಾ ಕೂತಿದ್ದಳು. ಕಣ್ಣು ಒರೆಸಿಕೊಳ್ಳಬೇಕಿತ್ತು, ಫೋನ್ ಒರೆಸುತ್ತಿದ್ದಳು.

ಭಾವ ಆಗಲೇ ಟಿಕೆಟ್ ವಿಚಾರಿಸಿದ್ದಾನೆ. ಮಾರ್ಚ್ ಮೊದಲ ವಾರ, ಎರಡು ಕಡೆ ವಿಮಾನ ಬದಲಾಯಿಸಿ, ತೀರಾ ಹಿಂದಿನ ಸಾಲು. ಅಕ್ಕನ ಬಲ ಮೊಣಕಾಲು ಬಿದ್ದಂದಿನಿಂದ ಪೂರ್ತಿ ಮಡಚುವುದಿಲ್ಲ. ಆ ಕಾಲನ್ನು ಎದುರಿನ ಸೀಟಿನ ಕೆಳಗೆ ಹೇಗೆ ತುರುಕುತ್ತಾಳೆ, ಪೆಟ್ಟಿಗೆಯ ಬಟ್ಟೆಯೇ ಅದು?

ಬಾಯಿಂದ ಬಂದುಬಿಟ್ಟಿತು: "ಅಕ್ಕನ್ನ ಮುಂದಿನ ಕ್ಲಾಸಲ್ಲಿ ಕಳಿಸ್ತೀನಿ ನಾನು. ಹಾಸಿಗೆ ಆಗುತ್ತಲ್ಲ, ಆ ಸೀಟು."

ಭಾವ ನಕ್ಕ. ತುತ್ತು ಬಾಯಲ್ಲಿಟ್ಟುಕೊಂಡು ನಕ್ಕ. ಆ ನಗು ಇಲ್ಲದಿದ್ದರೆ ನಾನೂ ನಕ್ಕು ಸುಮ್ಮನಾಗುತ್ತಿದ್ದೆನೋ ಏನೋ. ಈಗ ಆಗಲ್ಲ.

ಫೆಬ್ರವರಿ 5, ಬುಧವಾರ

ಟೈ ಪೆಟ್ಟಿಗೆ ಒಯ್ಯಲು ಬಂದಾಗ ಕೂರಿಸಿ ಟೀ ಕುಡಿಸಿದೆ. ಅವನಿಗೇ ಅನುಮಾನ ಬಂತು — ಈ ಅಂಗಡಿಯಲ್ಲಿ ಟೀ? ವಿಷಯ ಹೇಳಿದೆ. ಟೈ ಸಡಿಲ ಮಾಡಿಕೊಂಡ. ಅವನು ಹಾಗೆ ಮಾಡಿದ್ದನ್ನು ಇವತ್ತೇ ಕಂಡದ್ದು.

ಅವನು ಹೇಳಿದ್ದು ಇಷ್ಟು. ವಿಮಾನ ಹತ್ತಿದಷ್ಟೂ ಆ ವಿಮಾನದ ಕಂಪನಿಯವರು ಪಾಯಿಂಟ್ ಕೊಡುತ್ತಾರೆ. ಟಿಕೆಟ್ ದುಡ್ಡು ಆಫೀಸಿನದು, ಪಾಯಿಂಟ್ ಮಾತ್ರ ಇವನ ಹೆಸರಿಗೆ. ಬೆಟ್ಟದಷ್ಟು ಬಿದ್ದಿದೆ. ಆ ಪಾಯಿಂಟ್ ಕೊಟ್ಟು ಟಿಕೆಟ್ ತೆಗೆಯಬಹುದು, ಮುಂದಿನ ಕ್ಲಾಸಿನದೇ.

"ನೀವೇ ಹೋಗ್ಬಾರ್ದಾ ಸಾರ್, ಹೆಂಡ್ತಿ ಮಕ್ಕಳನ್ನ ಕರ್ಕೊಂಡು?"

"ಅಯ್ಯೋ, ವಿಮಾನದ ವಾಸನೆ ಬಂದ್ರೆ ವಾಂತಿ ಬರುತ್ತೆ ನನಗೀಗ. ನಿಮ್ಮ ಅಕ್ಕನ ಹೆಸರಲ್ಲಿ ನಾನು ಬುಕ್ ಮಾಡ್ತೀನಿ. ದುಡ್ಡು ನನ್ನ ಕೈಗೆ ಕೊಡಿ. ಕೌಂಟರ್ ರೇಟಿನ ಅರ್ಧನೂ ಆಗಲ್ಲ."

"ರಸೀದಿ?"

"ಇಂಥದ್ದಕ್ಕೆ ರಸೀದಿ ಇರಲ್ಲ ಕಣ್ರೀ. ನಂಬಿಕೆ."

ನಂಬಿಕೆಯಂತೆ. ನನ್ನ ಚಕ್ರ ಎಳೆದುಕೊಂಡು ಹೋಗುವವನ ಬಾಯಲ್ಲಿ. ಒಳಗೊಳಗೇ ನಗು. ಆದರೆ ರೇಟು ಕೇಳಿ ನಗು ನಿಂತಿತು. ಅದೇನೂ ಸಣ್ಣ ಮೊತ್ತ ಅಲ್ಲ, ಹೊಸ ಹೊಲಿಗೆ ಮಷೀನಿಗೆಂದು ಎತ್ತಿಟ್ಟಿದ್ದು ಸರಿಹೋಗುತ್ತದೆ. ಹಳೆಯದು ಇನ್ನೂ ಹೊಲಿಯುತ್ತಿದೆಯಲ್ಲ. ಸದ್ದು ಮಾಡುತ್ತದೆ, ಅಷ್ಟೇ. ಭಾವನೂ ಮಾಡುತ್ತಾನೆ.

ಫೆಬ್ರವರಿ 8, ಶನಿವಾರ

ಅಕ್ಕನ ಮನೆಯಲ್ಲಿ ಕೋರ್ಟು ನಡೆಯಿತು. ಜಡ್ಜು, ವಕೀಲೆ ಎಲ್ಲ ಅಕ್ಕನ ಮಗಳೇ. ಲಾ ಓದುತ್ತಿದ್ದಾಳೆ, ಪ್ರಾಕ್ಟೀಸ್ ನನ್ನ ಮೇಲೆ. ಫೋನಿನಲ್ಲಿ ವಿಮಾನ ಕಂಪನಿಯ ರೂಲ್ಸ್ ತೆಗೆದು ಓದಿದಳು.

"ಮಾವ, ಪಾಯಿಂಟ್ ಮಾರೋ ಹಾಗಿಲ್ಲ, ಕೊಳ್ಳೋ ಹಾಗಿಲ್ಲ ಅಂತ ಇಲ್ಲೇ ಬರೆದಿದಾರೆ. ಪಾಯಿಂಟು ಅವನದ್ದೇ ಅಲ್ವಂತೆ, ಕಂಪನಿದು. ಗೊತ್ತಾದ್ರೆ ಅವನ ಅಕೌಂಟ್ ಮುಚ್ತಾರೆ, ಟಿಕೆಟ್ ಕ್ಯಾನ್ಸಲ್. ವಿಮಾನ ಹತ್ತೋ ದಿನಾನೂ ಮಾಡಬಹುದು."

"ಗೊತ್ತಾದ್ರೆ ತಾನೇ?"

"ಅವನೇ ನಾಳೆ ಟಿಕೆಟ್ ಕ್ಯಾನ್ಸಲ್ ಮಾಡಿ ಪಾಯಿಂಟ್ ವಾಪಸ್ ತಗೊಂಡ್ರೆ? ಕೀಲಿಯೆಲ್ಲ ಅವನ ಕೈಯಲ್ಲೇ ಇರುತ್ತೆ. ನೀನು ಯಾರ ಹತ್ರ ಹೋಗ್ತೀಯ? ಪೊಲೀಸ್ ಹತ್ರ ಹೋಗಿ, ಮಾರಬಾರದ್ದನ್ನ ನನಗೆ ಮಾರಿದ ಅಂತೀಯಾ?"

"ನೀನು ಪುಸ್ತಕ ಓದಿದೀಯ. ನಾನು ಜನರನ್ನ ಓದಿದೀನಿ."

ಊರ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದ್ದೇನೆ. ಮೇಷ್ಟ್ರು ಬರದ ದಿನ ಮೂರನೇ ಕ್ಲಾಸಿಗೆ ಮಗ್ಗಿ ಹೇಳಿಕೊಟ್ಟವನು ನಾನು. ಮೇಷ್ಟ್ರು ಬರುತ್ತಿದ್ದುದೇ ಅಪರೂಪ, ಹಾಗಾಗಿ ಆ ಶಾಲೆ ನಡೆಸಿದವನೇ ನಾನು ಎಂದರೂ ತಪ್ಪಿಲ್ಲ.

ಭಾವ ಅಲ್ಲಿಯವರೆಗೂ ಪೇಪರಿನ ಹಿಂದೆ. ಈಗ ಇಳಿಸಿದ. "ಯಾವತ್ತಿನ ಟಿಕೆಟ್ಟು?"

"ಒಂಬತ್ತನೇ ತಾರೀಖು. ಪಾಯಿಂಟ್ ಸೀಟು ಬೇರೆ ದಿನ ಖಾಲಿ ಇಲ್ಲ."

"ಆಪರೇಷನ್ ಹನ್ನೊಂದಕ್ಕೆ. ಒಂದು ದಿನ ಹೆಚ್ಚುಕಮ್ಮಿ ಆದ್ರೆ?"

"ಆಗಲ್ಲ."

"ಆದ್ರೆ?"

"ನಿಮ್ಮ ಹಿಂದಿನ ಸಾಲಲ್ಲಿ ಕಾಲು ಊದಿಸಿಕೊಂಡು ಹೋಗಿ ಅಲ್ಲಿ ಅವಳೇ ಅಡ್ಮಿಟ್ ಆಗ್ತಾಳೆ. ಅದು ಪರವಾಗಿಲ್ವಾ?"

ಭಾವ ಅಕ್ಕನ ಕಡೆ ತಿರುಗಿದ. "ನೀನು ಹೇಳು. ನನ್ನ ಟಿಕೆಟ್ಟೋ, ನಿನ್ನ ತಮ್ಮಂದೋ?"

ಅಕ್ಕ ಮೊಣಕಾಲು ನೀವಿಕೊಂಡಳು. ನನ್ನ ಮುಖ ನೋಡಿದಳು. "ಅಷ್ಟು ಆಸೆಯಿಂದ ಹೇಳ್ತಿದಾನಲ್ಲ" ಎಂದಳು.

"ಸರಿ. ನಾನು ಕೈ ಬಿಟ್ಟೆ. ನೀನೇ ಕಳಿಸಪ್ಪ, ಮಲಗಿಸ್ಕೊಂಡು ಕಳಿಸು." ಮತ್ತೆ ಪೇಪರು ಎತ್ತಿದ. ಗೆದ್ದೆ. ಈ ಮನೆಯಲ್ಲಿ ಮೊದಲ ಸಲ ಭಾವನನ್ನು ಗೆದ್ದೆ. ಇನ್ನೊಂದು ಸಲ ಬಡಿಸಿಕೊಂಡೆ.

ಫೆಬ್ರವರಿ 11, ಮಂಗಳವಾರ, ಸಂಜೆ

ಟಿಕೆಟ್ ಬಂತು. ನನ್ನ ಫೋನಿಗೇ. ಕಂಪನಿಯವರು ಸಂಪರ್ಕಿಸುವ ನಂಬರ್ ಯಾವುದು ಹಾಕಲಿ ಎಂದು ಟೈ ಕೇಳಿದಾಗ ನನ್ನದೇ ಹಾಕಿ ಎಂದೆ. ಅವನು ಬೇಡ ಎಂದ. ದುಡ್ಡು ಕೊಡುವವನು ನಾನು, ಮೆಸೇಜು ಇವನಿಗೆ ಬರಬೇಕೆ? ಹಾಕಿಸಿದೆ.

ಅಕ್ಕನ ಹೆಸರು, ಪಕ್ಕದಲ್ಲಿ ಸೀಟ್ ನಂಬರ್. ಎರಡನೇ ಸಾಲು. ಕ್ಷೌರದ ಅಂಗಡಿಯವನಿಗೆ ತೋರಿಸಿದೆ. ಜೆರಾಕ್ಸ್ ಅಂಗಡಿಯವಳಿಗೆ ತೋರಿಸಿದೆ. ಕೀಲಿ ಮಾಡುವವನು ಕನ್ನಡಕ ಹುಡುಕಿ ಹಾಕಿಕೊಂಡು ಓದಿ, "ಮಲಗೋಕೆ ದಿಂಬೂ ಕೊಡ್ತಾರಾ?" ಎಂದ. ದಿಂಬು, ಹೊದಿಕೆ, ಕಾಲುಚೀಲ, ಎಲ್ಲ ಕೊಡುತ್ತಾರೆ, ಬೆಳಿಗ್ಗೆ ಎಬ್ಬಿಸಿ ಮುಖ ತೊಳೆಯಲು ಬಿಸಿ ಟವೆಲು ಎಂದೆಲ್ಲ ವಿವರಿಸಿದೆ. ಎಷ್ಟು ಸಲ ಹತ್ತಿದೀಯ ನೀನು ಎಂದು ಕೇಳಲಿಲ್ಲ, ಒಳ್ಳೆಯವನು.

ಟೈ ಹೋಗುವಾಗ ಬೆರಳು ಎತ್ತಿ ಪಾಠ ಹೇಳಿದ.

"ನೋಡಿ, ಕಂಪನಿಯಿಂದ ಯಾರಾದ್ರೂ ಫೋನ್ ಮಾಡಬಹುದು. ಮಾಡಲ್ಲ, ಆದ್ರೂ ಮಾಡಿದ್ರೆ. ನಾನು ನಿಮ್ಮ ಕಸಿನ್. ನಿಮ್ಮ ಅಕ್ಕನಿಗೆ ಗಿಫ್ಟ್ ಕೊಟ್ಟಿದೀನಿ. ಅಷ್ಟೇ ಮಾತು. ದುಡ್ಡು ಅನ್ನೋ ಶಬ್ದ ಬರಕೂಡದು."

"ಗಿಫ್ಟ್ ಯಾಕೆ? ಸಾಲ ಅನ್ನಲಾ?"

"ಗಿಫ್ಟ್. ಹೇಳಿ ನೋಡೋಣ."

ಮೂರನೇ ಕ್ಲಾಸಿನ ಹುಡುಗನಂತೆ ಹೇಳಿಸಿದ. ಗಿಫ್ಟ್. ಇವನು ಯಾರು ನನ್ನ ಅಕ್ಕನಿಗೆ ಗಿಫ್ಟ್ ಕೊಡಲು? ಮಷೀನಿನ ಹಣ ಎಣಿಸಿಕೊಂಡು ಜೇಬಿಗೆ ಇಳಿಸಿದ ಮೇಲೆ ಗಿಫ್ಟಂತೆ.

ಫೆಬ್ರವರಿ 16, ಭಾನುವಾರ

ಅಕ್ಕನ ಪೆಟ್ಟಿಗೆ ನಾನೇ ಮಾಡುತ್ತಿದ್ದೇನೆ. ಒಳ್ಳೆಯ ಚಕ್ರ, ನಾಲ್ಕೂ ಹೊಸದು. ಹಿಡಿಕೆ ಅವಳ ಎತ್ತರಕ್ಕೆ ಸರಿಯಾಗಿ ಕತ್ತರಿಸಿದೆ, ಬಗ್ಗಬಾರದು.

ಭಾವ ತನ್ನ ಹಳೆಯ ಕೈಚೀಲ ತಂದು ಕೌಂಟರಿನ ಮೇಲೆ ಎಸೆದ — ಜಿಪ್ಪು ಹಾಕು ಎಂದು. ಹಾಕಿದೆ. ಒಳಗಿನಿಂದ ತೆರೆಯುವ ಹಾಗೆ. ಇನ್ನು ಆ ಚೀಲ ತೆಗೆಯಬೇಕೆಂದರೆ ಭಾವ ಅದರೊಳಗೆ ಕೂರಬೇಕು. ಅಕ್ಕ ಬೈದಳು, ಬೈಯುತ್ತಾ ನಕ್ಕಳು. ಬಿಚ್ಚಿ ಸರಿಮಾಡಿ ಕೊಟ್ಟೆ. ಭಾವ ನಗಲಿಲ್ಲ.

ಫೆಬ್ರವರಿ 27, ಗುರುವಾರ

ಬಹಳ ದಿನ ಬರೆದಿಲ್ಲ. ಇವತ್ತು ಬರೆಯಲೇಬೇಕು. ವಿಮಾನ ಕಂಪನಿಯೇ ನನಗೆ ಫೋನ್ ಮಾಡಿತು.

ಭಾವ ಅಂಗಡಿಯಲ್ಲಿದ್ದ. ಅಕ್ಕನ ಪೆಟ್ಟಿಗೆ ಆಯಿತೇ ಎಂದು ನೋಡಲು ಬಂದು, ಸ್ಟೂಲಿನ ಮೇಲೆ ಕೂತು, ಹೊಲಿಗೆಯಲ್ಲಿ ತಪ್ಪು ಹುಡುಕುತ್ತಿದ್ದ. ಫೋನ್ ಎತ್ತಿದರೆ ಹೆಣ್ಣು ದನಿ, ನಯವಾದ ದನಿ, "ನಮಸ್ಕಾರ ಸರ್" ಎಂದಳು. ತಕ್ಷಣ ಸ್ಪೀಕರಿಗೆ ಹಾಕಿದೆ. ನನ್ನನ್ನು ಜನ ಸರ್ ಎನ್ನುವುದು ಭಾವನ ಕಿವಿಗೂ ಬೀಳಲಿ.

"ಸರ್, ಈ ನಂಬರ್ ಕೊಟ್ಟಿರೋ ಟಿಕೆಟ್ ಬಗ್ಗೆ ಒಂದು ಸಣ್ಣ ಮಾಹಿತಿ ಬೇಕಿತ್ತು. ಈ ಟಿಕೆಟ್ ಇನ್ನೊಬ್ಬರ ಪಾಯಿಂಟ್ಸಿಂದ ಬುಕ್ ಆಗಿದೆ. ಅವರು ನಿಮಗೆ ಏನಾಗ್ಬೇಕು?"

"ಕಸಿನ್." ಸರಿಯಾಗಿಯೇ ಹೇಳಿದೆ. "ಗಿಫ್ಟ್ ಕೊಟ್ಟಿದಾರೆ."

"ಪೂರ್ತಿ ಗಿಫ್ಟಾ ಸರ್? ನಿಮ್ಮ ಕಡೆಯಿಂದ ಏನೂ ಕೊಟ್ಟಿಲ್ಲ?"

ಭಾವ ಮೂಗಿನಲ್ಲಿ ಗಾಳಿ ಬಿಟ್ಟ. "ಅಂದ್ರೆ ಬಿಟ್ಟಿ ಅನ್ನು. ಊರ ತುಂಬ ಡಂಗುರ ಹೊಡ್ಕೊಂಡು ಬಂದೆ, ನೋಡಿದ್ರೆ ಯಾರೋ ದಾನ ಕೊಟ್ಟಿದ್ದು."

ಫೋನಿನಾಚೆ ಅವಳಿಗೂ ಕೇಳಿಸಿರಬೇಕು. ನನಗೆ ಕಿವಿ ಬಿಸಿಯಾಯಿತು.

"ಬಿಟ್ಟಿ ಅಲ್ಲ ಮೇಡಂ" ಎಂದೆ. "ಬಿಟ್ಟಿ ತಗೊಳ್ಳೋ ವಂಶ ಅಲ್ಲ ನಮ್ಮದು. ಪೈಸೆ ಪೈಸೆ ಎಣಿಸಿ ಕೊಟ್ಟಿದೀನಿ, ನನ್ನ ಸ್ವಂತ ದುಡ್ಡು. ನಿಮ್ಮ ಕೌಂಟರಲ್ಲಿ ಎಷ್ಟಿದೆ ಈ ಸೀಟು? ನಾನು ಎಷ್ಟಕ್ಕೆ ಹೊಡೆದೆ ಗೊತ್ತಾ? ಕೇಳಿ, ಹೇಳ್ತೀನಿ."

"ಹೇಳಿ ಸರ್."

ಹೇಳಿದೆ. ಟೈ ಕೇಳಿದ್ದೆಷ್ಟು, ನಾನು ಇಳಿಸಿದ್ದೆಷ್ಟು, ಎಲ್ಲಿ ಕೈಗೆ ಕೊಟ್ಟೆ, ಎಲ್ಲ. ಅವಳು ಮಧ್ಯೆ ಬಾಯಿ ಹಾಕಲಿಲ್ಲ. ಬರೆದುಕೊಳ್ಳುತ್ತಿದ್ದಳೇನೋ, ಕೀಲಿಮಣೆಯ ಸದ್ದು. ಕೊನೆಗೆ "ಮಾಹಿತಿ ಕೊಟ್ಟಿದ್ದಕ್ಕೆ ತುಂಬಾ ಧನ್ಯವಾದ ಸರ್" ಎಂದಳು. ಒಟ್ಟು ಐದು ಸಲ ಸರ್.

ಭಾವ ಎದ್ದ. ಬಾಗಿಲಲ್ಲಿ ನಿಂತು, "ಅವನು ಏನು ಹೇಳು ಅಂದಿದ್ದ ನಿನಗೆ?" ಎಂದು ಕೇಳಿದ.

"ಅವನು ಹೇಳಿದ್ದನ್ನ ಹೇಳೋಕೆ ನಾನೇನು ಅವನ ಟೇಪ್ ರೆಕಾರ್ಡರಾ?"

ಮೆಟ್ಟಿಲಿಳಿದು ಹೋದ. ಸೋತರೆ ಹೀಗೇ. ಟೈಗೆ ಹೇಳಬೇಕೆ? ಯಾಕೆ ಹೇಳಬೇಕು. ಅಂಥ ತಪ್ಪಾಗಿದ್ದರೆ ಅವಳು ಧನ್ಯವಾದ ಹೇಳುತ್ತಿದ್ದಳೇ?

ಮಾರ್ಚ್ 3, ಸೋಮವಾರ

ಟೈ ಫೋನ್ ಮೇಲೆ ಫೋನ್. ಎತ್ತಲಿಲ್ಲ. ಯಾವುದೋ ಪರವೂರಿನಲ್ಲಿದ್ದಾನೆ, ಚಕ್ರ ಕೈಕೊಟ್ಟಿರಬೇಕು. ಲೆಕ್ಕ ಹಾಕಿದರೆ ಸರಿಯಾದ ಸಮಯವೇ. ಆಮೇಲೆ ಮೆಸೇಜು: "ಕಾಲ್ ಮಿ. ಅರ್ಜೆಂಟ್." ಚಕ್ರ ಯಾವಾಗಲೂ ಅರ್ಜೆಂಟೇ. ಹೊತ್ತುಕೊಂಡು ನಡೆಯಲಿ. ಅವತ್ತು ನನ್ನಿಂದ ಗಿಫ್ಟ್ ಗಿಫ್ಟ್ ಎಂದು ಹೇಳಿಸಿದ್ದಕ್ಕೆ ಬಡ್ಡಿ.

ಮಾರ್ಚ್ 5, ಬುಧವಾರ

ಮತ್ತೆ ಫೋನು. ಅವನ ನಂಬರನ್ನೇ ಬ್ಲಾಕ್ ಮಾಡಿದೆ. ಅಕ್ಕನ ಮಗಳಿಂದ ಕಲಿತದ್ದು, ಒಳ್ಳೆಯ ವಿದ್ಯೆ.

ಅಕ್ಕ ತಂಗಿಗೆಂದು ನಿಟ್ಟಿಂಗ್ ಸ್ವೆಟರ್ ಮುಗಿಸಿದ್ದಾಳೆ. ಆಪರೇಷನ್ ಆದ ಮೇಲೆ ತಲೆಯ ಮೇಲಿಂದ ಹಾಕಲಾಗದು, ಕೈ ಎತ್ತಲು ಆಗಲ್ಲ ಎಂದು ಮುಂದೆ ಪೂರ್ತಿ ಬಿಚ್ಚುವ ಹಾಗೆ ಹೆಣೆದಿದ್ದಾಳೆ. ಜಿಪ್ಪು ನಾನು ಹಾಕಿಕೊಟ್ಟೆ. ಮೆತ್ತಗಿನದು.

ಮಾರ್ಚ್ 9, ಭಾನುವಾರ

ಕ್ಯಾನ್ಸಲ್.

ಬರೆಯಬಾರದು ಎಂದುಕೊಂಡೆ. ಬರೆಯುತ್ತಿದ್ದೇನೆ.

ಎಲ್ಲರೂ ಹೋಗಿದ್ದೆವು, ಬೆಳಿಗ್ಗೆ. ಅಕ್ಕ, ಭಾವ, ಅಕ್ಕನ ಮಗಳು, ನಾನು. ಮುಂದಿನ ಕ್ಲಾಸಿನವರಿಗೆ ಬೇರೆಯೇ ಕೌಂಟರ್, ಕೆಳಗೆ ಕಾರ್ಪೆಟ್. ಮೊದಲು ಕಾರ್ಪೆಟ್ ಮೇಲೆ ಕಾಲಿಟ್ಟವನು ನಾನು. ಪೆಟ್ಟಿಗೆ ನಾನೇ ತಳ್ಳುತ್ತಿದ್ದೆ, ನೀರಿನ ಮೇಲೆ ಹೋದ ಹಾಗೆ ಹೋಗುತ್ತಿತ್ತು.

ಕೌಂಟರಿನ ಹುಡುಗಿ ಪಾಸ್‌ಪೋರ್ಟ್ ನೋಡಿದಳು, ಟೈಪ್ ಮಾಡಿದಳು. ಮತ್ತೆ ಟೈಪ್ ಮಾಡಿದಳು. ನಗು ಸಣ್ಣದಾಯಿತು.

"ಈ ಟಿಕೆಟ್ ರದ್ದಾಗಿದೆ ಅಮ್ಮ."

"ಇಲ್ಲಿ ನೋಡಿ, ಸೀಟ್ ನಂಬರ್ ಇದೆ" ಎಂದು ಫೋನ್ ಮುಂದೆ ಹಿಡಿದೆ.

"ಹೋದ ವಾರಾನೇ ರದ್ದಾಗಿದೆ ಸರ್. ಅಕೌಂಟ್ ಇದ್ದವರಿಗೆ ಮೇಲ್ ಹೋಗಿದೆ. ಪಾಯಿಂಟ್ಸ್ ಮಾರಾಟ ಅಂತ ಕಾರಣ ಇದೆ."

ದೊಡ್ಡವರನ್ನು ಕರೆಸಿ ಎಂದೆ. ನಾನು ಯಾರು ಗೊತ್ತಾ ಎಂದೆ. ಬಂದ ದೊಡ್ಡವನು ನನಗಿಂತ ಚಿಕ್ಕವನು, ನಾನು ಯಾರು ಎಂದು ಕೇಳಲೂ ಇಲ್ಲ. "ಪ್ಯಾಸೆಂಜರ್ ಕಡೆಯವರೇ ಫೋನಲ್ಲಿ ಒಪ್ಪಿಕೊಂಡಿದಾರೆ ಸರ್" ಎಂದ. ಭಾವನ ಎದುರಿಗೆ ಎಂದ. ಅಕ್ಕನ ಎದುರಿಗೆ.

ಅಕ್ಕನ ಮಗಳು ನನ್ನನ್ನು ನೋಡಿದಳು. "ಒಪ್ಪಿಕೊಂಡಿದಾರಾ? ಯಾರು?"

ಯಾರೂ ಉತ್ತರ ಕೊಡಲಿಲ್ಲ. ಭಾವನೂ ಕೊಡಲಿಲ್ಲ. ಕೊಟ್ಟಿದ್ದರೆ ಅಲ್ಲೇ ಜಗಳವಾಡಿ ಹಗುರವಾಗುತ್ತಿದ್ದೆ. ಎಂಥ ದುಷ್ಟ ಮನುಷ್ಯ, ಸುಮ್ಮನಿದ್ದು ಸಾಯಿಸಿದ.

ಆಮೇಲೆ ಭಾವ ಒಂದೊಂದೇ ಕೌಂಟರಿಗೆ ಹೋದ. ಜೇಬಿನಲ್ಲಿ ಹಣ ಇತ್ತು, ಆ ಮೊದಲಿನ ಟಿಕೆಟ್ಟಿಗೆಂದು ತೆಗೆದಿಟ್ಟದ್ದು, ತಂದಿದ್ದ. ಯಾಕೆ ತಂದಿದ್ದ? ನನ್ನ ಮೇಲೆ ಎಷ್ಟು ನಂಬಿಕೆ ನೋಡಿ. ಎಲ್ಲ ಕಡೆ ಅದೇ ಮಾತು. ಇವತ್ತಿನದು ಭರ್ತಿ. ನಾಳೆ ರಾತ್ರಿ ಒಂದಿದೆ, ಹನ್ನೊಂದರ ಸಂಜೆ ತಲುಪುತ್ತದೆ. ಆಪರೇಷನ್ ಹನ್ನೊಂದರ ಬೆಳಿಗ್ಗೆ. ಡೇಟ್ ಮುಂದೂಡುವ ಹಾಗಿಲ್ಲ, ತಂಗಿಯ ಎದೆ ಕಾಯುವಷ್ಟು ಗಟ್ಟಿ ಇಲ್ಲ ಎಂದು ಡಾಕ್ಟರು ಮೊದಲೇ ಹೇಳಿಬಿಟ್ಟಿದ್ದಾರೆ. ಅದನ್ನೇ ಕೊಡಿ ಎಂದು ಭಾವ ನಾಳೆಯದನ್ನು ತೆಗೆದ. ಕೊನೆಯ ಸಾಲು.

ಅಕ್ಕ ಪೆಟ್ಟಿಗೆಯ ಮೇಲೆ ಕಾಲು ನೀಡಿ ಕೂತಿದ್ದಳು. ನಾನೇ ಅಲ್ಲಿಂದ ತಂಗಿಗೆ ಫೋನ್ ಹಚ್ಚಿಕೊಟ್ಟೆ.

"ಏನಿಲ್ಲ ಕಣೇ" ಎಂದಳು ಅಕ್ಕ. "ಇಲ್ಲಿ ಬಂದ್ಮೇಲೆ ತಲೆ ಸುತ್ತಿತು. ಬಿ.ಪಿ. ಜಾಸ್ತಿ ಅಂತ ಇವತ್ತು ಹತ್ತೋಕೆ ಬಿಡ್ಲಿಲ್ಲ. ನಾಳೆ ಹೊರಡ್ತೀನಿ... ಇಲ್ಲ, ನೀನು ಒಳಗೆ ಹೋಗಿರು. ಹೊರಗೆ ಬರೋಷ್ಟರಲ್ಲಿ ಇರ್ತೀನಿ. ಹೂಂ. ಹೂಂ. ಹೋಗ್ಬೇಕು ಕಣೇ, ಹಟ ಮಾಡ್ಬೇಡ."

ಅಕ್ಕನಿಗೆ ಬಿ.ಪಿ. ಇಲ್ಲ. ಯಾವತ್ತೂ ಇಲ್ಲ. ಎಷ್ಟು ಸಲೀಸಾಗಿ ಹೇಳಿದಳು.

ಫೋನ್ ನನ್ನ ಕೈಗೆ ಕೊಡುತ್ತಾ, "ಅವಳು ಕೇಳಿದ್ರೆ ನೀನೂ ಹಾಗೇ ಹೇಳು" ಎಂದಳು. ಇಡೀ ದಿನದಲ್ಲಿ ನನ್ನ ಜೊತೆ ಆಡಿದ್ದು ಅಷ್ಟೇ.

ಮಾರ್ಚ್ 10, ಸೋಮವಾರ

ಟೈ ಬಂದ. ಟೈ ಇಲ್ಲದೆ ಬಂದ. ಪೆಟ್ಟಿಗೆಯನ್ನು ಕಂಕುಳಲ್ಲಿ ಹೊತ್ತುಕೊಂಡು — ಚಕ್ರವೂ ಹೋಗಿತ್ತು, ನನ್ನ ಊಹೆ ಪೂರ್ತಿ ತಪ್ಪಲ್ಲ.

"ಫೋನ್ ಯಾಕ್ರೀ ಎತ್ತಲ್ಲ?"

"ದುಡ್ಡು ವಾಪಸ್ ಕೊಡಿ."

"ದುಡ್ಡಾ? ನನ್ನ ಅಕೌಂಟೇ ಹೋಯ್ತು. ಎಷ್ಟು ವರ್ಷದ ಪಾಯಿಂಟ್ ಒಂದೇ ಏಟಿಗೆ ಸೊನ್ನೆ. ಆಫೀಸಿಗೂ ಬರೆದಿದಾರೆ, ನಾಳೆ ಮೇಲಿನವರ ಮುಂದೆ ನಿಲ್ಲಬೇಕು. ಹೋದ ವಾರ ಪೂರ್ತಿ ಬಡ್ಕೊಂಡೆ, ಟಿಕೆಟ್ ಹೋಗಿದೆ, ಬೇರೆ ತಗೊಳ್ಳಿ ಅಂತ ಹೇಳೋಕೆ. ಅವತ್ತೇ ಎತ್ತಿದ್ರೆ ನಿಮ್ಮ ಅಕ್ಕನಿಗೆ ಬೇರೆ ಸೀಟ್ ಸಿಗ್ತಿತ್ತು."

"ಮಾರಬಾರದ್ದನ್ನ ಮಾರಿದವರು ನೀವು."

"ಕೊಳ್ಳಬಾರದ್ದನ್ನ ಕೊಂಡವರು ಯಾರು? ಒಂದು ಮಾತು. ಒಂದೇ ಒಂದು ಮಾತು ಹೇಳಿಕೊಟ್ಟಿದ್ದೆ. ಅದನ್ನ ಹೇಳೋಕೆ ಆಗ್ಲಿಲ್ವಾ ನಿಮ್ಮ ಬಾಯಿಗೆ?"

"ನನ್ನ ಬಾಯಿ ಬಗ್ಗೆ ಮಾತಾಡ್ಬೇಡಿ. ದುಡ್ಡು ಇಡಿ. ಇಲ್ಲಾಂದ್ರೆ ಕೇಸ್ ಹಾಕ್ತೀನಿ."

"ಹಾಕಿ. ಏನಂತ ಹಾಕ್ತೀರ? ರಸೀದಿ ತನ್ನಿ, ನಾನೂ ನೋಡ್ತೀನಿ."

ಅವನ ಪೆಟ್ಟಿಗೆಯನ್ನು ರಸ್ತೆಗೆ ಎಸೆದೆ. ಬಾಯಿ ಬಿಟ್ಟುಕೊಂಡು ಶರ್ಟು, ಬ್ರಷ್ಷು ಎಲ್ಲ ಹೊರಗೆ ಚೆಲ್ಲಿತು. ಅವನು ಬಗ್ಗಿ ಒಂದೊಂದೇ ಆಯ್ದುಕೊಳ್ಳುತ್ತಾ ಬೈಯುತ್ತಿದ್ದ, ನಾನು ಬಾಗಿಲಲ್ಲಿ ನಿಂತು ಬೈಯುತ್ತಿದ್ದೆ. ಕ್ಷೌರದವನು ಅರ್ಧ ಬೋಳಿಸಿದ ಗಿರಾಕಿಯನ್ನು ಬಿಟ್ಟು ಬಂದು ನೋಡಿದ. ಗಿರಾಕಿಯೂ ಸೋಪಿನ ಮುಖದಲ್ಲೇ ಬಂದ. "ಅಕ್ಕ ತಲುಪಿದ್ರಾ?" ಎಂದು ಕೀಲಿಯವನು ಕೇಳಿದ. ಅವನಿಗೂ ಬೈದೆ.

ಸಂಜೆ ಅಕ್ಕನನ್ನು ಕಳಿಸಲು ಹೋಗಲಿಲ್ಲ. ಬಾ ಎಂದು ಯಾರೂ ಕರೆಯಲಿಲ್ಲ. ಪೆಟ್ಟಿಗೆ ಭಾವನೇ ಎಳೆದುಕೊಂಡು ಹೋಗಿರುತ್ತಾನೆ.

ಮಾರ್ಚ್ 11, ಮಂಗಳವಾರ, ಬೆಳಿಗ್ಗೆ

ಅಂಗಡಿಯ ಶಟರ್ ಅರ್ಧ ಎತ್ತಿದ್ದೆ. ತಂಗಿಯ ಫೋನ್. ಇನ್ನು ಸ್ವಲ್ಪ ಹೊತ್ತಿಗೆ ಒಳಗೆ ಕರೆದುಕೊಂಡು ಹೋಗುತ್ತಾರಂತೆ. ಫೋನ್ ನರ್ಸ್ ಕೈಗೆ ಕೊಡಬೇಕಂತೆ, ಅದಕ್ಕೆ ಮೊದಲು ಒಂದು ಮಾತು ಎಂದಳು. ಅಕ್ಕ ವಿಮಾನದಲ್ಲಿದ್ದಾಳೆ, ಸಿಗುವುದಿಲ್ಲ. ಅದಕ್ಕೆ ನಾನು.

"ಅಣ್ಣ, ನಿಜ ಹೇಳು. ಅಕ್ಕನಿಗೆ ಬಿ.ಪಿ.ನೇನಾ? ನೀನು ಜೊತೆಗಿದ್ದೆಯಂತೆ."

ಎದುರಿಗೆ ಭಾವ ಇರಲಿಲ್ಲ. ಯಾರೂ ಇರಲಿಲ್ಲ. ಹೇಳಿದೆ.

"ಬಿ.ಪಿ.ನೇ. ನಾನೇ ನೋಡಿದೆ, ಮಷೀನ್ ಕಟ್ಟಿದ್ರು. ಮೀಟರ್ ಮೇಲೆ ಹೋಯ್ತು. ಈಗ ಇಳಿದಿದೆ, ಆರಾಮಾಗಿದಾಳೆ. ನಿನಗೆ ಸ್ವೆಟರ್ ತರ್ತಿದಾಳೆ, ಜಿಪ್ಪು ನಂದು."

ಅವಳ ಹಿಂದೆ ಯಾರೋ ಗಾಲಿ ಇರುವುದೇನನ್ನೋ ತಳ್ಳಿಕೊಂಡು ಹೋದ ಸದ್ದು. ಇಲ್ಲಿ ಒಬ್ಬಳೇ ಇದ್ದೀನಿ ಅಣ್ಣ, ಸಹಿ ಹಾಕುವಾಗ ಜೊತೆಗೆ ಯಾರು ಬಂದಿದ್ದಾರೆ ಎಂದು ಕೇಳಿದರು, ಬರ್ತಾರೆ ಎಂದೆ — ಹೀಗೆ ಏನೇನೋ ಹೇಳಿದಳು. ನಾನು ಹೂಂ ಎನ್ನುತ್ತಿದ್ದೆ.

ಆಮೇಲೆ ಕೇಳಿದಳು. ಸಿಟ್ಟಿಲ್ಲ ದನಿಯಲ್ಲಿ. ಸಿಟ್ಟಿದ್ದರೆ ತಿರುಗಿ ಬೈಯುತ್ತಿದ್ದೆ.

"ಅಕ್ಕನಿಗೇನೋ ಬಿ.ಪಿ. ಅಂದೆ. ಡೇಟ್ ಗೊತ್ತಾದಾಗಿಂದ ಅಕ್ಕ ಬರ್ತಾಳೆ, ಅಕ್ಕ ಬರ್ತಾಳೆ ಅಂತಾನೇ ಹೇಳಿದೀರ ಎಲ್ಲರೂ. ನೀನು ಯಾಕೆ ಹೊರಡ್ಲಿಲ್ಲ ಅಣ್ಣ? ನಿನಗೇನಾಗಿತ್ತು?"

ಅಷ್ಟರಲ್ಲಿ ನರ್ಸ್ ಕರೆದಳು, ಫೋನ್ ಹೋಯಿತು.

ಶಟರ್ ಪೂರ್ತಿ ಎತ್ತಿಲ್ಲ. ಒಳಗೆ ಕೂತು ಬರೆಯುತ್ತಿದ್ದೇನೆ. ಅವಳು ಹೊರಗೆ ಬರುವಷ್ಟರಲ್ಲಿ ಉತ್ತರ ಸಿದ್ಧ ಮಾಡಿಟ್ಟುಕೊಳ್ಳಬೇಕು. ಅಂಗಡಿ ಎನ್ನಬಹುದು. ಸೀಸನ್ ಎನ್ನಬಹುದು. ವೀಸಾ ಎನ್ನಬಹುದು, ಅರ್ಜಿಯನ್ನೇ ಹಾಕಿರಲಿಲ್ಲ. ಅವಳು ಇದ್ಯಾವುದನ್ನೂ ನಂಬುವುದಿಲ್ಲ. ಆ ಹಾಸಿಗೆಯ ಸೀಟಿನ ಹಣದಲ್ಲಿ ಹಿಂದಿನ ಸಾಲಿನಲ್ಲಿ ನಾನೂ ಅಕ್ಕನ ಪಕ್ಕ ಕೂತು ಹೋಗಬಹುದಿತ್ತು.

ನನಗೇನಾಗಿತ್ತು ಎಂದರೆ — ನನಗೆ